ಗುಳ್ಳೆಯಿಲ್ಲದ ಅಮ್ಮ

ಸ್ಪಂದನಳ ಕಾಲ ಮೇಲೆ ಕೆಂಪು ಚುಕ್ಕೆ ಕಂಡದ್ದೇ ತಡ, ಅತ್ತೆ ಮೂಗಮ್ಮ ತೀರ್ಪು ಕೊಟ್ಟೇಬಿಟ್ಟಳು: "ಅಮ್ಮ ಬಂದವ್ಳೆ."

ದೇವಲಾಪುರದ ಆ ಮನೆಯಲ್ಲಿ ಆ ಮಾತಿಗೆ ಎದುರು ಮಾತಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಏರಿತು. ಒಗ್ಗರಣೆ ನಿಂತಿತು, ಮಾತ್ರೆಯೂ ನಿಂತಿತು. ಸೊಸೆ ಹೊಸ್ತಿಲು ದಾಟುವಂತಿಲ್ಲ.

ಸ್ಪಂದನಳ ಮೈ ಉರಿಯುತ್ತಿತ್ತು, ಜ್ವರಕ್ಕಿಂತ ಹೆಚ್ಚಾಗಿ ಸಿಟ್ಟಿಗೆ. ಅವಳದು ಹಳೆಯ ಕಾಯಿಲೆ: ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳನ್ನು ಅವಳ ದೇಹವೇ ಶತ್ರುವೆಂದು ತಿಳಿದು ಕೊಲ್ಲುತ್ತದೆ. ವೈರಲ್ ಜ್ವರ ಬಂದರೆ ಅವು ಒಮ್ಮೆಗೇ ಕುಸಿಯಬಹುದು, ಚುಕ್ಕೆ ಕಂಡರೆ ಕಾಯದೆ ಓಡಿ ಬನ್ನಿ ಎಂದು ಮೈಸೂರಿನ ಡಾಕ್ಟರು ಹೇಳಿದ್ದರು. ಇಲ್ಲಿ ಓಡುವುದೆಲ್ಲಿ ಬಂತು?

"ಅತ್ತೆ, ಇವು ಗುಳ್ಳೆ ಅಲ್ಲ. ಮುಟ್ಟಿ ನೋಡಿ, ನುಣ್ಣಗವೆ. ಚರ್ಮದೊಳ್ಗೆ ರಕ್ತ ಒಸರ್ತಾ ಅದೆ."

"ಮುಟ್ಟಬಾರ್ದು ಕಣವ್ವ. ನೀನು ಹೊಸ್ಲು ದಾಟುದ್ರೆ ಅಮ್ಮ ಮಗೀನ ಮೇಲೆ ಬತ್ತಾಳೆ."

ಮೂಗಮ್ಮ ಕೆಟ್ಟವಳಲ್ಲ, ಹೆದರಿದವಳು. ಕಷ್ಟವಿದ್ದದ್ದೇ ಅಲ್ಲಿ. ಕೆಟ್ಟವಳಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಗಂಡ ಸುರೇಂದ್ರ ನಾಗಮಂಗಲದಲ್ಲಿ ಅಕ್ಕಸಾಲಿ. ಗುಲಗಂಜಿಯಷ್ಟು ಚಿನ್ನಕ್ಕೂ ಗಿರಾಕಿಯೊಡನೆ ವಾದಕ್ಕಿಳಿಯುವ ಮಹರಾಯ, ತಾಯಿಯೆದುರು ಬಾಯಿಗೆ ಬೀಗ. ಜಗಲಿಯಲ್ಲೇ ನಿಂತು, "ಒಂದಿನ ನೋಡಾನ ಬುಡು" ಎಂದ.

ಸಂಜೆಗೆ ವಸಡಿನಲ್ಲಿ ರಕ್ತ ಬಂತು. ಆಮೇಲೆ ಮೂಗಿನಿಂದಲೂ ಶುರುವಾಯಿತು. ಸೆರಗು ತೊಯ್ದರೂ ನಿಲ್ಲಲಿಲ್ಲ. ಒಳಗೆ ಮಗಳು ಅರ್ಪಿತ ಚೊಂಬು ಬಡಿಯುತ್ತ ಆಡುತ್ತಿದ್ದಳು. ಸ್ಪಂದನ ಆ ಕಡೆ ತಿರುಗಿ ನೋಡಲಿಲ್ಲ; ನೋಡಿದ್ದರೆ ಕಾಲು ಏಳುತ್ತಿರಲಿಲ್ಲ. ಸೊಪ್ಪು ಸರಿಸಿ ಬೀದಿಗಿಳಿದಳು. ಮೂಗಮ್ಮ ಎದೆ ಬಡಿದುಕೊಂಡಳು. ಸೆರಗಿನ ರಕ್ತ ಕಂಡ ಸುರೇಂದ್ರ ಕೊನೆಗೂ ಓಡಿಹೋಗಿ ಕಾರು ತಂದ.

ಮೈಸೂರಿನಲ್ಲಿ ಔಷಧಿ ಕೊಟ್ಟ ಮೇಲೆ ರಕ್ತ ನಿಂತಿತು. "ಇನ್ನೂ ತಡ ಮಾಡಿದ್ದರೆ ತಲೆಯೊಳಗೇ ಸೋರಬಹುದಿತ್ತಮ್ಮ" ಎಂದರು ಡಾಕ್ಟರು. ಬದುಕಿದೆ, ಗೆದ್ದೆ ಎನ್ನಿಸಿತು ಅವಳಿಗೆ.

ಮಾರನೆಯ ದಿನ ಅತ್ತೆಯ ಫೋನು. ಬೈಗುಳವಿಲ್ಲ, ಬರೀ ಅಳು. "ಮಗೀಗೆ ಮೈ ಸುಡ್ತಾ ಅದೆ ಕಣವ್ವ. ಏನ್ ಮಾಡ್ಲಿ?"

ಅದೇ ವೈರಸ್ಸು, ತನ್ನಿಂದಲೇ ಅಂಟಿರಬೇಕು. ಮಗಳಿಗೆ ತನ್ನ ಕಾಯಿಲೆಯಿಲ್ಲ, ವಾಸಿಯಾಗುತ್ತದೆ. ಸ್ಪಂದನಳಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. "ಈಗ್ಲೇ ಡಾಕ್ಟ್ರತ್ರ ಕರ್ಕೊಂಡೋಗಿ ಅತ್ತೆ" ಎಂದು ಗಟ್ಟಿಯಾಗಿಯೇ ಹೇಳಿದಳು.

ಫೋನಿಟ್ಟು ಗೋಡೆಗೆ ಮುಖ ತಿರುಗಿಸಿದಳು. ಸೂಜಿ ಚುಚ್ಚಿದ್ದ ಕೈಯನ್ನು ಇನ್ನೊಂದಕ್ಕೆ ಜೋಡಿಸಿ, ಸುರೇಂದ್ರನಿಗೂ ಕೇಳಿಸದ ಹಾಗೆ ಅಂದಳು: "ತಪ್ಪಾಯ್ತು ತಾಯಿ. ಮಗೀನ ಬುಟ್ಬುಡು. ನನ್ ಮೇಲೇ ಬಾ."