ಹಿತ್ತಿಲಿನಲ್ಲಿ ಹೂತ ಯಂತ್ರ

ತವರೂರು ಜಡಿಗೇನಹಳ್ಳಿಯಲ್ಲಿ ತಮ್ಮನ ಮಗುವಿನ ನಾಮಕರಣ ಮುಗಿಸಿಕೊಂಡು ಶಶಿರೇಖಾ ಶಿವಗಂಗೆ ಬೆಟ್ಟದ ಕೆಳಗಿನ ತನ್ನ ಮನೆಗೆ ಬಂದಾಗ ಹಿತ್ತಿಲಿನ ನೆಲವನ್ನು ಯಾರೋ ಅಗೆದಿದ್ದರು. ನುಗ್ಗೆಮರದ ಪಕ್ಕ ಕುತ್ತಿಗೆಯವರೆಗೆ ಹೂತ ನೀಲಿ ಡ್ರಮ್ಮು, ಅದರ ಮುಚ್ಚಳದಡಿಯಿಂದ ಹೊರಬಂದ ವೈರು, ಕಂಬಿಯ ತುದಿಗೆ ಕಟ್ಟಿದ ಸೋಲಾರ್ ಪ್ಲೇಟು.

"ಇದೇನಿದು?" ಎಂದು ಗಂಡನನ್ನು ಕೇಳಿದಳು.

ಬೈರೇಶ್ ದಾಬಸ್‌ಪೇಟೆಯ ಕಾರ್ಖಾನೆಯಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದ. "ಭೂಮಿ ಅದುರೋದನ್ನ ಅಳೆಯೋ ಯಂತ್ರ ಅಂತೆ. ಯೂನಿವರ್ಸಿಟಿಯಿಂದ ಅರ್ಪಿತ ಅಂತ ಒಬ್ರು ಮೇಡಂ ಬಂದಿದ್ರು. ಒಂದು ವರ್ಷ ಇಟ್ಕೊಳ್ತೀವಿ ಅಂದ್ರು. ಹೂಂ ಅಂದೆ."

"ನನ್ನನ್ನ ಒಂದು ಮಾತು ಕೇಳ್ದೆ?"

"ಫೋನ್ ಮಾಡ್ದೆ ಕಣೇ. ನೀನು ಎತ್ಲಿಲ್ಲ."

ಶಶಿರೇಖಾ ಸುಮ್ಮನೆ ಅನುಮಾನಪಡುವವಳಲ್ಲ. ಅವಳ ಅಕ್ಕನನ್ನು ಕೊಟ್ಟ ಊರಿಗೆ ಹೀಗೆಯೇ ಮೂರು ಕಾಲಿನ ಯಂತ್ರ ಹಿಡಿದವರು ಬಂದಿದ್ದರು. ನೀರಿನ ಸರ್ವೆ ಎಂದಿದ್ದರು. ಅಕ್ಕ ಅವರಿಗೆ ಮಜ್ಜಿಗೆ ಕೊಟ್ಟಿದ್ದಳು. ಈಗ ಅಕ್ಕನ ಹೊಲದ ಸುತ್ತ ಯಾರದೋ ಕಾಂಪೌಂಡು ಎದ್ದಿದೆ.

ಮಾರನೆಯ ದಿನ ಮನೋಹರ್ ಬಂದ. ಬೈರೇಶನ ಚಿಕ್ಕಪ್ಪನ ಮಗ. ಊರಾಚೆಯ ಗುಡ್ಡದಲ್ಲಿ ಕಲ್ಲುಕ್ವಾರಿ ನಡೆಸುತ್ತಿದ್ದ. ಡ್ರಮ್ಮಿನ ಸುತ್ತ ಒಂದು ಸುತ್ತು ಹಾಕಿ, ವೈರನ್ನು ಕಾಲಿನಿಂದ ಮುಟ್ಟಿ ನೋಡಿದ.

"ಅತ್ತಿಗೆ, ಇದು ಯಾತಕ್ಕೆ ಅಂತ ನಂಗೊತ್ತು. ಕೆಳಗೆ ಎಂಥಾ ಕಲ್ಲಿದೆ ಅಂತ ನೋಡ್ತಾರೆ, ಆಮೇಲೆ ಜಮೀನು ಬರ್ಕೊಳ್ತಾರೆ. ಇವತ್ತೇ ಕಿತ್ತು ಬಿಸಾಕಿ. ದನ ತುಳೀತು ಅನ್ನಿ."

ಅವನು ಹೋದ ಮೇಲೆ ಶಶಿರೇಖಾ ಮುಚ್ಚಳ ತೆಗೆದಳು. ಒಳಗೆ ಸಣ್ಣ ಕೊಡದಷ್ಟು ದಪ್ಪದ ಲೋಹದ ವಸ್ತುವೊಂದು ಕೂತಿತ್ತು. ವೈರು ಬಿಚ್ಚಿ ಅದನ್ನು ಎತ್ತಿದಳು. ಬಿಸಾಕಲು ಮನಸ್ಸಾಗಲಿಲ್ಲ. ರಾಗಿಹುಲ್ಲಿನ ಮೆದೆಯೊಳಗೆ ತುರುಕಿದಳು. ಸಂಜೆ ಗಂಡನಿಗೆ, "ಯಾರೋ ಎತ್ಕೊಂಡು ಹೋಗವ್ರೆ" ಎಂದಳು. ಬೈರೇಶ್ ಅವಳನ್ನೇ ನೋಡಿದ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದ.

ಯಂತ್ರ ಕಳಿಸುತ್ತಿದ್ದ ಸಂದೇಶ ನಿಂತದ್ದರಿಂದ ಎರಡು ದಿನದಲ್ಲೇ ಅರ್ಪಿತ ಜೀಪಿನಲ್ಲಿ ಬಂದಳು. ಬಿಸಿಲಿಗೆ ಮುಖ ಕಪ್ಪಾಗಿದ್ದ ಹೆಂಗಸು. ಖಾಲಿ ಡ್ರಮ್ಮಿನ ಮುಂದೆ ಕುಕ್ಕರುಗಾಲಲ್ಲಿ ಕೂತು ವೈರಿನ ತುದಿಯನ್ನು ಬೆರಳಲ್ಲಿ ತಿರುಗಿಸಿ ನೋಡಿದಳು.

"ಪೊಲೀಸರಿಗೆ ಹೇಳ್ತೀರಾ?" ಎಂದಳು ಶಶಿರೇಖಾ.

"ಹೇಳಬೇಕಾಗತ್ತೆ ಅಕ್ಕ. ಮೊದಲು ಸ್ವಲ್ಪ ನೀರು ಕೊಡ್ತೀರಾ?"

ನೀರು ಕೊಟ್ಟು ಶಶಿರೇಖಾ ಜಗುಲಿಯ ಮೇಲೆ ಎದುರಿಗೇ ಕೂತಳು. "ನಿಜ ಹೇಳಿ. ನಮ್ಮ ನೆಲದಲ್ಲಿ ನೀವು ಏನು ಹುಡುಕ್ತಿದ್ದೀರಾ?"

ಅರ್ಪಿತ ಬೆಟ್ಟದ ಕಡೆ ಕೈ ತೋರಿಸಿದಳು. "ಅದು ಯಾಕೆ ಇಲ್ಲಿದೆ ಅಂತ. ನಮ್ಮ ನಾಡಿನ ನೆಲ ಮೊದಲು ಒಂದೇ ತುಂಡಾಗಿರ್ಲಿಲ್ಲ. ಪಡುವಲಕ್ಕೆ ಒಂದು ನೆಲ, ಮೂಡಲಕ್ಕೆ ಬೇರೆ ಚೂರುಗಳು, ನಡುವೆ ಸಮುದ್ರ. ಇನ್ನೂರೈವತ್ತು ಕೋಟಿ ವರ್ಷದ ಹಿಂದೆ ಅವು ನಿಧಾನಕ್ಕೆ ಸರಿದು ಬಂದು ಒಂದಕ್ಕೊಂದು ಒತ್ತಿ ಅಂಟ್ಕೊಂಡ್ವು. ಒತ್ತಿದ ಕಡೆ ನೆಲ ಮಡಚಿ ದೊಡ್ಡ ಪರ್ವತ ಎದ್ದಿರಬೇಕು. ಅದರ ಬುಡದಲ್ಲಿ ಕರಗಿದ ಕಲ್ಲು ಒಳಗೇ ಆರಿ ಗಟ್ಟಿಯಾಯ್ತು. ಪರ್ವತ ಸವೆದು ಹೋಯ್ತು, ಒಳಗಿನ ಕಲ್ಲು ಹೊರಗೆ ಬಂತು. ಶಿವಗಂಗೆ ಅಂಥ ಕಲ್ಲು."

ಶಶಿರೇಖಾ ಕೊಯ್ದು ಬಿಟ್ಟ ರಾಗಿಹೊಲವನ್ನು ನೋಡಿದಳು. "ಇಲ್ಲಿ ಸಮುದ್ರ ಇತ್ತು ಅಂತೀರಾ. ಯಾರು ಕಂಡೋರು?"

"ಯಾರೂ ಕಂಡಿಲ್ಲ. ನಮ್ಮೋರಲ್ಲೇ ಕೆಲವರು ಒಪ್ಪಲ್ಲ. ಇದು ಮೊದಲಿಂದ ಒಂದೇ ನೆಲ ಅಂತಾರೆ. ನಂಗೂ ಅನುಮಾನ ಇದೆ. ಅದಕ್ಕೇ ಊರೂರಲ್ಲಿ ಸಾಲಾಗಿ ಯಂತ್ರ ಹೂತಿರೋದು. ಎಲ್ಲೋ ದೂರದ ದೇಶದಲ್ಲಿ ಭೂಕಂಪ ಆದ್ರೆ ಅದರ ಅಲೆ ನಿಮ್ಮ ಹಿತ್ತಿಲ ಕೆಳಗೂ ಹಾಯ್ದು ಹೋಗುತ್ತೆ. ಅದು ಬರೋ ರೀತಿ ನೋಡಿ ನೆಲದ ಚಿಪ್ಪು ಎಲ್ಲಿ ದಪ್ಪ, ಎಲ್ಲಿ ತೆಳು ಅಂತ ತಿಳ್ಕೋತೀವಿ. ದಪ್ಪ ಬದಲಾಗೋ ಕಡೆ ಬೆಸುಗೆ ಇರಬೇಕು."

ಅಕ್ಕನ ಊರಿಗೆ ಬಂದವರ ಬಳಿ ಎಲ್ಲ ಪ್ರಶ್ನೆಗೂ ಉತ್ತರವಿತ್ತು. 'ನಂಗೂ ಅನುಮಾನ ಇದೆ' ಎಂದವರು ಅವರಲ್ಲಿ ಒಬ್ಬರೂ ಇರಲಿಲ್ಲ. ಆದರೂ ಯಂತ್ರ ತಂದುಕೊಡಲು ಶಶಿರೇಖಾ ಇನ್ನೂ ಜಗುಲಿಯಿಂದ ಏಳಲಿಲ್ಲ.

"ಭೂಕಂಪ ಬಿಟ್ರೆ ಅದಕ್ಕೆ ಬೇರೆ ಏನೂ ತಿಳಿಯಲ್ವಾ?"

"ಎಲ್ಲಾ ತಿಳಿಯುತ್ತೆ. ಲಾರಿ ಹೋದ್ರೂ, ದನ ಓಡಾಡಿದ್ರೂ. ಇಲ್ಲಿ ಇಟ್ಟಾಗಿಂದ ದಿನಾ ನಸುಕಲ್ಲಿ ಒಂದು ದೊಡ್ಡ ಪೆಟ್ಟು ಬರ್ತಿತ್ತು. ಹತ್ರದಲ್ಲೆಲ್ಲೋ ಬಂಡೆ ಸಿಡಿಸ್ತಾರೆ ಅನ್ಸುತ್ತೆ. ನಮಗೆ ಅದು ಬೇಡ, ಲೆಕ್ಕದಿಂದ ತೆಗೆದುಬಿಡ್ತೀವಿ."

ಶಶಿರೇಖಾಳ ಅಡುಗೆಮನೆಯ ಗೋಡೆ ಮೇಲಿಂದ ಕೆಳಗಿನವರೆಗೆ ಬಿರಿದಿತ್ತು. ಬಂಡೆಗೆ ಸಿಡಿಮದ್ದಿಡುವುದನ್ನು ಎಂದೋ ನಿಲ್ಲಿಸಿದ್ದೇನೆ, ಗೋಡೆ ಬಿರಿದರೆ ಅದು ಪಾಯದ ದೋಷ ಎಂದು ಮನೋಹರ್ ಊರವರ ಮುಂದೆ ಆಣೆ ಮಾಡಿದ್ದ. ನಸುಕಿನ ಸದ್ದು ಹೆದ್ದಾರಿಯ ಕೆಲಸದ್ದು ಎಂದಿದ್ದ. ಯಂತ್ರ ಕೀಳಲು ಅವನಿಗೇಕೆ ಅಷ್ಟು ಅವಸರವಿತ್ತು ಎಂದು ಅವಳಿಗೆ ಈಗ ಹೊಳೆಯಿತು.

ಮೆದೆಯ ಬಳಿಗೆ ಹೋಗಿ ಯಂತ್ರವನ್ನು ಸೊಂಟದ ಮೇಲಿಟ್ಟುಕೊಂಡು ಬಂದಳು. "ನಾನೇ ತೆಗ್ದಿದ್ದು."

"ಗೊತ್ತಿತ್ತು. ವೈರು ಹುಷಾರಾಗಿ ಬಿಚ್ಚಿದ್ರಿ. ಕಳ್ಳ ಆಗಿದ್ರೆ ಕತ್ತರಿಸ್ತಿದ್ದ" ಎಂದಳು ಅರ್ಪಿತ. ನಗಲಿಲ್ಲ. ಯಂತ್ರಕ್ಕೆ ಪೆಟ್ಟಾಗಿಲ್ಲ ಎಂದು ಖಾತ್ರಿಯಾಗುವವರೆಗೂ ಅವಳ ಮುಖ ಬಿಗಿದೇ ಇತ್ತು.

ಆ ವಾರ ಮನೋಹರ್ ಮತ್ತೆ ಬಂದು ಹಿತ್ತಿಲಿಗೆ ಇಣುಕಿದ. "ಇನ್ನೂ ತೆಗ್ದಿಲ್ವಾ ಅತ್ತಿಗೆ?"

"ತೆಗ್ದಿದ್ದೆ. ಮತ್ತೆ ಇಡಿಸ್ದೆ. ಬಂಡೆ ಸಿಡಿಸಿದ್ರೂ ಅದಕ್ಕೆ ತಿಳಿಯುತ್ತಂತೆ, ಹೊತ್ತಿನ ಸಮೇತ. ನಿಂಗೆ ಗೊತ್ತಿತ್ತಾ ಮನೋಹರ?"

"ನಂಗೇನ್ ಗೊತ್ತು" ಎಂದ ಅವನು. ಕಾಫಿ ಬೇಡವೆಂದು ಬೈಕು ಹತ್ತಿದ.

ನಸುಕಿನ ಪೆಟ್ಟು ಆ ವಾರವೇ ನಿಂತಿತು. ಕ್ವಾರಿಯ ಲೈಸೆನ್ಸ್ ಮುಗಿದಿರಬೇಕು ಎಂದು ಊರಲ್ಲಿ ಕೆಲವರು ಮಾತಾಡಿಕೊಂಡರು. ಗೋಡೆಗೆ ಸಿಮೆಂಟು ಮೆತ್ತುತ್ತಿದ್ದ ಬೈರೇಶ್, "ನೀನೇ ತೆಗ್ದಿದ್ದು ಅಂತ ನಂಗೆ ಆವತ್ತೇ ಗೊತ್ತಾಯ್ತು" ಎಂದ.

"ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ?"

"ಆ ಮೇಡಮ್ಮನ್ನ ನಾನು ಪೂರ್ತಿ ನಂಬಿದ್ನಾ ಏನು?"

ವರ್ಷದ ಕೊನೆಗೆ ಅರ್ಪಿತ ಯಂತ್ರ ಒಯ್ಯಲು ಬಂದಳು. ಬೆಸುಗೆ ಸಿಕ್ಕಿತೇ ಎಂದು ಶಶಿರೇಖಾ ಕೇಳಿದಳು.

"ಸಿಕ್ಕ ಹಾಗಿದೆ. ಆದ್ರೆ ನಾನು ಅಂದ್ಕೊಂಡ ಕಡೆ ಅಲ್ಲ, ಇನ್ನೂ ಪಡುವಲಕ್ಕೆ. ನನ್ನ ಲೆಕ್ಕ ತಪ್ಪಿರಬೇಕು, ಅಲ್ಲಾಂದ್ರೆ ನಡುವೆ ನಮಗೆ ತಿಳೀದ ಇನ್ನೊಂದು ಚೂರು ಇರಬೇಕು." ಅವಳ ದನಿಯಲ್ಲಿ ಬೇಸರವಿರಲಿಲ್ಲ.

ಶಶಿರೇಖಾ ಅವಳಿಗೆ ಒಂದು ಕಟ್ಟು ನುಗ್ಗೆಕಾಯಿ ಕೊಟ್ಟಳು. ಜೀಪು ತಿರುವಿನಲ್ಲಿ ಮರೆಯಾಗುವ ಮುನ್ನ ಮೊಬೈಲು ಎತ್ತಿ ಅದರ ನಂಬರ್ ಪ್ಲೇಟಿನ ಫೋಟೋ ತೆಗೆದುಕೊಂಡಳು. ಅರ್ಪಿತಳ ಮೇಲೆ ಅವಳಿಗೆ ನಂಬಿಕೆ ಬಂದಿತ್ತು. ಆದರೂ ಒಂದು ಇರಲಿ ಎಂದು.