ನಲವತ್ತೊಂದನೇ ಫೈಲು

"ಇಲ್ಲೊಂದು, ಹಿಂದಿನ ಪುಟದಲ್ಲೊಂದು. ಎರಡು ಸಹಿ ಹಾಕಿಬಿಟ್ರೆ ಮುಗೀತು," ಎಂದು ಮೇಡಂ ಕಾಗದವನ್ನು ಮೇಜಿನ ಮೇಲೆ ಅಕ್ಕನ ಕಡೆ ಸರಿಸಿದರು.

ಅಕ್ಕ ಪೆನ್ನನ್ನು ಎಡಗೈಯಲ್ಲಿ ಹಿಡಿದಿದ್ದಳು. ಗುರುತು ಹಾಕುವುದಕ್ಕಾದರೆ ಎಡಗೈ ಸಾಕಾಗುತ್ತಿತ್ತು. ಹೌದು, ಇಲ್ಲ, ಕೆಲವೊಮ್ಮೆ ಎಂಬ ಮೂರು ಚೌಕಗಳಲ್ಲಿ ಒಂದಕ್ಕೆ ಗೀಟು ಎಳೆದರೆ ಆಯಿತು; ಮಿಕ್ಕಿದ್ದನ್ನು ಬಾಯಲ್ಲಿ ಹೇಳಿದರೆ ಮೇಡಂ ಬರೆದುಕೊಳ್ಳುತ್ತಿದ್ದರು. ಮೂರು ಸಲ ಹಾಗೇ ನಡೆದಿತ್ತು. ಸಹಿ ಮಾತ್ರ ಯಾರೂ ಕೇಳಿರಲಿಲ್ಲ.

"ಯಾತಕ್ಕೆ ಮೇಡಂ ಇದು?"

"ಪುಸ್ತಕಕ್ಕೆ. ನಿನ್ನ ವಿಷಯ ಬರೆಯೋಕೆ ನಿನ್ನ ಒಪ್ಪಿಗೆ. ಹೆಸರು ಬರಲ್ಲ, ಹೆದರ್ಬೇಡ. ನಲವತ್ತೊಂದು ಅಂತಷ್ಟೇ. ಕೆಳಗಡೆ ನೋಡು, 'ಈ ಉತ್ತರಗಳೆಲ್ಲ ನಾನೇ ಕೊಟ್ಟವು' ಅಂತಿದೆ. ಸೋಮವಾರ ಅಚ್ಚಿಗೆ ಹೋಗತ್ತೆ."

ಅವಳು ನಲವತ್ತೊಂದಲ್ಲ, ನಲವತ್ತೊಂದರ ಅಕ್ಕ.

ಮೂವತ್ತೈದು ವರ್ಷಗಳ ಹಿಂದೆ, ಮೇಡಂ ಇನ್ನೂ ವಿದ್ಯಾರ್ಥಿನಿಯಾಗಿದ್ದಾಗ, ಕೆಲವು ಶಾಲೆಗಳ ಏಳು ವರ್ಷದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಪ್ರಶ್ನೆ ಕೇಳಿದ್ದರು. ಮಗುವಿನ ಗುಣ ಮುಪ್ಪಿನವರೆಗೂ ಹಾಗೇ ಉಳಿಯುತ್ತದೆಯೋ, ವಯಸ್ಸು ಅದನ್ನು ತಿದ್ದುತ್ತದೆಯೋ ಎಂದು ತಿಳಿಯುವುದಕ್ಕೆ. ಅಲ್ಲಿಂದ ಏಳು ವರ್ಷಕ್ಕೊಮ್ಮೆ ಅದೇ ಜನ, ಹೆಚ್ಚುಕಡಿಮೆ ಅದೇ ಪ್ರಶ್ನೆಗಳು. ತಂಗಿ ಏಳರಲ್ಲಿ ಉತ್ತರ ಕೊಟ್ಟಳು, ಹದಿನಾಲ್ಕರಲ್ಲಿ ಕೊಟ್ಟಳು. ಹತ್ತೊಂಬತ್ತರಲ್ಲಿ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟಳು. ಎರಡು ವರ್ಷ ಕಳೆದ ಮೇಲೆ ಅವಳ ಹೆಸರಿಗೆ ಕಾಗದ ಬಂತು: ದಯವಿಟ್ಟು ಬಂದು ಉತ್ತರಿಸಬೇಕು. ಅಮ್ಮ ಆ ಕಾಗದವನ್ನು ಇಡೀ ದಿನ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಆಮೇಲೆ, "ನೀನು ಹೋಗ್ಬಾ," ಎಂದಳು. "ಅವಳು ಒಂದು ಕಡೆಯಾದ್ರೂ ದೊಡ್ಡವಳಾಗ್ಲಿ."

ಇಬ್ಬರದೂ ಒಂದೇ ಅಚ್ಚಿನ ಮುಖ. ತಂಗಿ ಎಡಚಿ ಎಂಬುದೊಂದೇ ತೊಡಕು. ಅಕ್ಕ ಹದಿನೈದು ದಿನ ಕೂತು ಎಡಗೈಯಲ್ಲಿ ಗೀಟು ಎಳೆಯುವುದನ್ನು ಕಲಿತಳು. ಪ್ರತಿ ಸಲ ವಾಪಸು ಹೋದಾಗಲೂ ಅಮ್ಮ ಬಾಗಿಲಲ್ಲೇ ನಿಂತಿರುತ್ತಿದ್ದಳು. "ಏನಂದ್ಲು ಚಿಕ್ಕವಳು?" ಎಂದು ಕೇಳುತ್ತಿದ್ದಳು. ಇವತ್ತೂ ನಿಂತಿರುತ್ತಾಳೆ, ಈಗ ಊರುಗೋಲು ಹಿಡಿದು.

ಆಯಾ ಒಳಗೆ ಬಂದು ಟೀ ಲೋಟ ಇಟ್ಟಳು. ಅಕ್ಕನ ಮುಖ ನೋಡಿ, ಕೇಳದೆಯೇ ಫ್ಯಾನಿನ ವೇಗ ಒಂದು ಸುತ್ತು ಹೆಚ್ಚಿಸಿದಳು. "ಬೆವರ್ತಾ ಇದೀರಲ್ಲಮ್ಮ. ಮೇಡಂ ನಿಮ್ಮನ್ನ ಏಳು ವರ್ಷಕ್ಕೊಂದ್ಸಲ ಕರೀತಾರೆ, ನನ್ನನ್ನ ಏಳು ನಿಮಿಷಕ್ಕೊಂದ್ಸಲ. ನೀವೇ ಪುಣ್ಯವಂತರು."

"ಸಾಕು ಹೋಗೇ," ಎಂದರು ಮೇಡಂ ನಗುತ್ತ. ಅವರು ಇವತ್ತು ಹಗುರವಾಗಿದ್ದರು. ಮೇಜಿನ ಮೇಲೆ ಬೆರಳಚ್ಚಾದ ಹಾಳೆಗಳ ದಪ್ಪ ಕಟ್ಟು. ಅದರ ಮೇಲೆ ಅಂಗೈ ಊರಿ ಹೇಳಿದರು, "ಇನ್ನೂರ ಹದಿಮೂರು ಜನ ಕಣೇ. ಅಂಜೋ ಮಕ್ಕಳು ಅಂಜ್ತಾನೇ ದೊಡ್ಡವರಾದ್ರು. ಜಗಳಗಂಟರು ಜಗಳಗಂಟರಾಗೇ ಉಳಿದ್ರು. ಏಳಕ್ಕೇ ಎಲ್ಲಾ ಗಟ್ಟಿಯಾಗಿಬಿಡತ್ತೆ ಅಂತ ನಮ್ಮ ಮೇಷ್ಟ್ರು ಹೇಳ್ತಿದ್ರು. ನಾನು ಒಪ್ಪಲಿಲ್ಲ. ಒಂದೊಂದು ವಯಸ್ಸಿಗೂ ಅದರದೇ ಒಂದು ಇಕ್ಕಟ್ಟು ಇರತ್ತೆ, ಅದನ್ನ ದಾಟೋವಾಗ ಮನುಷ್ಯ ಬದಲಾಗಬಹುದು ಅಂತ ವಾದ ಮಾಡ್ದೆ. ಸಾಕ್ಷಿ ಎಲ್ಲಿ ಅಂದ್ರು. ಸಾಕ್ಷಿ ನೀನು. ಏಳರಲ್ಲಿ ಬಾಗಿಲ ಹಿಂದೆ ಅವಿತುಕೊಂಡಿದ್ದ ಹುಡುಗಿ, ಮೂವತ್ತೈದರಲ್ಲಿ ಆಸ್ಪತ್ರೆ ಲಾಂಡ್ರಿಯವರೆಲ್ಲರ ಪರವಾಗಿ ಮಾತಾಡ್ತಾಳೆ! ಪುಸ್ತಕದ ಕೊನೇ ಅಧ್ಯಾಯ ಪೂರ್ತಿ ನಿನ್ನದೇ."

ಅಕ್ಕ ಪೆನ್ನನ್ನು ಕಾಗದಕ್ಕೆ ತಾಗಿಸಿದಳು. ಸಹಿ ಹಾಕಿದರೆ ಮೇಡಮ್ಮಿನ ಪುಸ್ತಕ ಸೋಮವಾರ ಅಚ್ಚಾಗುತ್ತದೆ; ಅಮ್ಮನ ಚಿಕ್ಕವಳು ನಲವತ್ತೊಂಬತ್ತಕ್ಕೂ ಐವತ್ತಾರಕ್ಕೂ ಬೆಳೆಯುತ್ತ ಹೋಗುತ್ತಾಳೆ. ಹಾಕದಿದ್ದರೆ ಅವಳು ಇವತ್ತು ಮತ್ತೆ ಸಾಯುತ್ತಾಳೆ. ತಂಗಿಯ ಹೆಸರಿನ ಮೊದಲ ಅಕ್ಷರ ವಕ್ರವಾಗಿ ಮೂಡಿತು. ಎರಡನೆಯದು ಏಳಲೇ ಇಲ್ಲ. ಮಸಿ ಒಂದೇ ಕಡೆ ನಿಂತು ಚುಕ್ಕೆ ದೊಡ್ಡದಾಗುತ್ತ ಹೋಯಿತು.

ಅವಳು ಪೆನ್ನನ್ನು ಬಲಗೈಗೆ ಬದಲಾಯಿಸಿಕೊಂಡಳು.

ಮೇಡಂ ಆ ಕೈಯನ್ನು ನೋಡಿದರು. ನಗು ಇನ್ನೂ ಮುಖದ ಮೇಲಿತ್ತು, ಆದರೆ ಕಣ್ಣು ನಗುತ್ತಿರಲಿಲ್ಲ.

"ನಾನು ಅವಳಲ್ಲ ಮೇಡಂ. ಅವಳ ಅಕ್ಕ. ಅವಳು ಹತ್ತೊಂಬತ್ತಕ್ಕೇ ಹೋಗ್ಬಿಟ್ಳು."

ಮಿಕ್ಕಿದ್ದನ್ನು ಅಕ್ಕ ಲೋಟದ ಕಡೆ ನೋಡುತ್ತಲೇ ಹೇಳಿ ಮುಗಿಸಿದಳು. ಮೇಡಂ ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.

"ಮೂರು ಸಲ," ಎಂದರು. ದನಿ ಏರಿರಲಿಲ್ಲ, ಅದಕ್ಕೇ ಅಕ್ಕನಿಗೆ ಹೆಚ್ಚು ಭಯವಾಯಿತು. "ಮೂರು ಸಲ ನನ್ನೆದುರು ಕೂತು ಬಾಯಿಗೆ ಬಂದದ್ದು ಹೇಳಿ ಹೋಗಿದೀಯ. ನಾನು ಅದನ್ನ ಒಂದು ಕಾಮಾ ಬಿಡದೆ ಬರ್ಕೊಂಡಿದೀನಿ. ಎಲ್ಲಾ ಕಟ್ಟುಕತೆ?"

"ಮೊದಲನೇ ಸಲ ಕಟ್ಟಿದ್ದೇ. ಅವಳು ಬದುಕಿದ್ರೆ ಧೈರ್ಯವಂತೆ ಆಗ್ಲಿ ಅಂತ."

"ಆಮೇಲೆ?"

"ಹಿರಿಯರಿಗೆ 'ಆಗಲ್ಲ' ಅಂತ ಯಾವಾಗ ಹೇಳಿದ್ದೆ ಅಂತ ಕೇಳಿದ್ರಲ್ಲ, ಇಪ್ಪತ್ತೆಂಟರಲ್ಲಿ. ಸೂಪರ್‌ವೈಸರ್‌ಗೆ ಹೇಳ್ದೆ ಅಂದೆ. ಅವರ ಮುಂದೆ ನಾನು ಅಲ್ಲೀತನಕ ಕೆಮ್ಮಿದ್ದೂ ಇರಲಿಲ್ಲ ಮೇಡಂ. ಹತ್ತು ದಿನ ಆದ್ಮೇಲೆ ಅವರು, ಇನ್ನೊಂದು ಪಾಳಿ ನಿಂತ್ಕೋ, ಬೆಡ್‌ಶೀಟ್ ಇಸ್ತ್ರಿ ಬಾಕಿ ಇದೆ ಅಂದ್ರು. ಆರು ದಿನದಿಂದ ಎರಡೆರಡು ಪಾಳಿ ಮಾಡಿದ್ದೆ. ಚಿಕ್ಕವಳು ಆಗಲ್ಲ ಅಂದಾಗಿದೆ, ಈಗ ನಾನು ಹೂಂ ಅಂದ್ರೆ ಅವಳ ಮಾತು ಸುಳ್ಳಾಗತ್ತೆ ಅನ್ನಿಸ್ತು. ಆಗಲ್ಲ ಅಂದೆ."

"ಏನಂದ್ರು ಅವರು?"

"ಅವರು ನನಗಿಂತ ಜಾಸ್ತಿ ಹೆದರಿಬಿಟ್ರು."

ಮೇಡಂ ನಗಲಿಲ್ಲ. "ಅಂದ್ರೆ ಬದಲಾದವಳು ನೀನು," ಎಂದರು ನಿಧಾನವಾಗಿ. "ಆದ್ರೆ ಏಳು ವರ್ಷದಲ್ಲಿ ನೀನು ಹೇಗಿದ್ದೆ, ಹದಿನಾಲ್ಕರಲ್ಲಿ ಹೇಗಿದ್ದೆ, ಯಾರು ಬರೆದಿಟ್ಟಿದಾರೆ? ನನ್ನ ಹತ್ರ ಆ ವಯಸ್ಸಿನ ನಿನ್ನ ಒಂದು ಗೀಟೂ ಇಲ್ಲ." ಕಟ್ಟಿನ ದಾರ ಬಿಚ್ಚಿ, ಕೊನೆಯ ಅಧ್ಯಾಯವನ್ನು ಹಾಳೆ ಎಣಿಸಿದ ಹಾಗೆ ಬೇರ್ಪಡಿಸಿ, ಪಕ್ಕಕ್ಕೆ ಬೋರಲು ಹಾಕಿದರು. ಕಟ್ಟು ತೆಳ್ಳಗಾಯಿತು. "ಸಹಿ ಹಾಕಿ ಹೋಗಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಹೋಗಿ ಹೋಗಿ ಇವತ್ತೇ ಯಾಕೆ ಹೇಳ್ದೆ?"

"ಗೀಟು ಎಳೀವಾಗ ಅವಳೇ ಎಳೀತಿದಾಳೆ ಅನ್ನಿಸ್ತಿತ್ತು. ಅವಳ ಹೆಸರು ಬರೆಯೋಕೆ ಹೋದ್ರೆ, ಅವಳು ಇರಲಿಲ್ಲ."

ಹೊರಗೆ ಕಾರಿಡಾರಿನಲ್ಲಿ ಯಾರೋ ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತ ಬರುತ್ತಿದ್ದರು. ಮೇಡಂ ಫೈಲಿನ ರಟ್ಟನ್ನು ತಮ್ಮ ಕಡೆ ಎಳೆದುಕೊಂಡರು.

"ಯಾವತ್ತು ಹೋದ್ಳು?"

ಅಕ್ಕ ತಾರೀಕು ಹೇಳಿದಳು. ಅಷ್ಟು ವರ್ಷಗಳಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಮನೆಯಲ್ಲಿ ಆ ತಾರೀಕನ್ನು ಹೇಳುವ ಹಾಗಿರಲಿಲ್ಲ. ಮೇಡಂ ರಟ್ಟಿನ ಮೇಲೆ ಅದನ್ನು ದುಂಡಗೆ ಬರೆದು, ಮಸಿ ಒಣಗುವ ತನಕ ಕಾದರು. ಆಮೇಲೆ ಫೈಲಿನ ಅಡಿಯಿಂದ ಹಳದಿಗಟ್ಟಿದ ಎರಡು ಹಾಳೆ ತೆಗೆದರು.

"ಇವೆರಡು ಅವಳೇ ಬರೆದದ್ದು. ಯಾರಿಗೂ ತೋರಿಸಬಾರದು ಅಂತ ನಿಯಮ ಇದೆ." ಹಾಳೆಗಳನ್ನು ಅಕ್ಕನ ಮುಂದಿಟ್ಟು ಮೇಡಂ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತರು.

ಏಳು ವರ್ಷದ ಹಾಳೆಯಲ್ಲಿ ಬರೀ ಗುರುತುಗಳು. ಹದಿನಾಲ್ಕರದ್ದರಲ್ಲಿ ಕೊನೆಯ ಪ್ರಶ್ನೆಗೆ ಮಾತ್ರ ಬರೆದು ಉತ್ತರಿಸಬೇಕಿತ್ತು: ದೊಡ್ಡವಳಾದ ಮೇಲೆ ನೀನು ಹೇಗಿರಬೇಕು? ಹಿಂದಕ್ಕೆ ವಾಲಿದ ಅಕ್ಷರಗಳು, ಅಂಗೈ ತಾಗಿ ಅಲ್ಲಲ್ಲಿ ಅಳಿಸಿದವು.

'ಅಕ್ಕನ ಥರ ಮಾತ್ರ ಬೇಡ. ಅವಳು ಎಲ್ಲರಿಗೂ ಹೂಂ ಅಂತಾಳೆ, ಆಮೇಲೆ ಬಚ್ಚಲುಮನೆಗೆ ಹೋಗಿ ಅಳುತ್ತಾಳೆ. ನಾನು ಮೊದಲು ಆಗಲ್ಲ ಅನ್ನೋದನ್ನ ಕಲಿತು, ಆಮೇಲೆ ಅವಳಿಗೂ ಕಲಿಸ್ತೀನಿ.'

ಅಕ್ಕ ಒಂದು ಸಲ ಓದಿದಳು. ಮತ್ತೆ ಮೊದಲಿನಿಂದ, ತುಟಿ ಅಲ್ಲಾಡಿಸುತ್ತ, ಬಾಯಿಪಾಠ ಮಾಡುವವಳ ಹಾಗೆ.

ಕೋಣೆಗೆ ಬೀಗ ಹಾಕಲು ಬಂದ ಆಯಾ ಹೊಸ್ತಿಲಲ್ಲೇ ನಿಂತಳು. ಗೋಡೆ ನೋಡುತ್ತ ಕೂತ ಮೇಡಮ್ಮನ್ನೂ ಹಾಳೆಯ ಮೇಲೆ ಬಾಗಿದವಳನ್ನೂ ನೋಡಿ, ಕೈಯಲ್ಲಿದ್ದ ಬೀಗದಕೈ ಗೊಂಚಲು ಸದ್ದಾಗದಂತೆ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.