ಕೆಂಪು ಬಳಿದ ವಾಕ್ಯಗಳು

ಅತ್ತಿಗೆ ಔಷಧಿ ಡಬ್ಬಿಯೊಳಗಿನ ಸೂಚನೆ ಹಾಳೆಗಳನ್ನು ಅನುವಾದಿಸುತ್ತಿದ್ದಳು. ಮಾಡಿದ ಒಂದೊಂದು ವಾಕ್ಯವನ್ನೂ ಅವಳ ಸಾಫ್ಟ್‌ವೇರ್ ಮೂಲದ ಜೊತೆ ಜೋಡಿಸಿ ಇಟ್ಟುಕೊಂಡು, ಅಂಥದೇ ವಾಕ್ಯ ಮತ್ತೆ ಬಂದಾಗ ಮುಂದಿಡುತ್ತಿತ್ತು. ಅದನ್ನು ಮಾಡಿದ ಕಂಪನಿ ಈಗ ಬಾಗಿಲು ಹಾಕುತ್ತಿತ್ತು. ತಿಂಗಳು ಕಳೆದರೆ ಸಾಫ್ಟ್‌ವೇರ್ ತೆರೆಯುವುದೇ ಇಲ್ಲ. ಇಷ್ಟು ವರ್ಷದ ದುಡಿಮೆ ನೀರುಪಾಲು.

ಎದುರು ಮೇಜಿನಲ್ಲಿ ನಾದಿನಿ. ಕಸುಬು ಅದೇ, ಸಾಫ್ಟ್‌ವೇರ್ ಬೇರೆ.

"ಮುಖ ಯಾಕೆ ಊದಿಸ್ಕೊಂಡಿದ್ದೀರಿ ಅತ್ತಿಗೆ? ಎಲ್ಲಾನೂ ಟಿಎಂಎಕ್ಸ್ ಕಡತ ಮಾಡಿ ಕೊಡಿ. ಅದು ಯಾವ ಕಂಪನಿ ಸ್ವತ್ತೂ ಅಲ್ಲ. ಯಾರ ಸಾಫ್ಟ್‌ವೇರಾದ್ರೂ ಓದತ್ತೆ."

"ನೀನೇ ನನ್ನ ಮಾತು ಕೇಳಲ್ಲ. ನಿನ್ನ ಸಾಫ್ಟ್‌ವೇರ್ ಕೇಳತ್ತಾ?"

"ಅದು ನನ್ನಷ್ಟು ಮೊಂಡು ಅಲ್ಲ, ಕೊಡಿ."

ಕೇಳಿತು. ವಾಕ್ಯಗಳೆಲ್ಲ ಒಂದೂ ಬಿಡದೆ ಆ ಕಡೆ ಬಂದು ಕೂತವು. ಅತ್ತಿಗೆಯ ಎದೆ ಹಗುರಾಯಿತು. ತಾನೇ ಎದ್ದು ಹೋಗಿ ಇಬ್ಬರಿಗೂ ಚಹಾ ಮಾಡಿ ತಂದಳು.

ಲೋಟ ಕೆಳಗಿಟ್ಟು ನಾದಿನಿ ಮಕ್ಕಳ ಕೆಮ್ಮಿನ ಔಷಧಿಯ ಹಾಳೆ ತೆರೆದಳು. ಸಾಫ್ಟ್‌ವೇರ್ ಅತ್ತಿಗೆಯದೇ ವಾಕ್ಯವೊಂದನ್ನು ಮುಂದಿಟ್ಟಿತು: 'ಕೂಸಿಗೆ ಒಂದು ಚಮಚ ಕೊಡಿ.'

"ಬೇಡ, ಬೇಡ, ಅದು ಕೆಂಪು," ಅಂದಳು ಅತ್ತಿಗೆ.

"ಎಲ್ಲಿದೆ ಕೆಂಪು?"

ಎಲ್ಲೂ ಇರಲಿಲ್ಲ. ಹನಿ ಅನ್ನಬೇಕಾದಲ್ಲಿ ಚಮಚ ಅಂದದ್ದಕ್ಕೆ ಅನುವಾದ ಪರಿಶೀಲಿಸುವ ವೈದ್ಯರು ಹೊಡೆದುಹಾಕಿದ್ದ ವಾಕ್ಯ ಅದು. ಇಂಥವನ್ನು ಮತ್ತೆ ಎಡವಬಾರದೆಂದು ಅಳಿಸದೆ, ಕೆಂಪು ಬಳಿದು ಇಟ್ಟುಕೊಳ್ಳುವುದು ಅತ್ತಿಗೆಯ ರೂಢಿ. ಈಗ ಕೆಂಪೆಲ್ಲ ತೊಳೆದುಹೋಗಿ, ತಪ್ಪುಗಳು ಸರಿಯಾದವುಗಳ ನಡುವೆ ಸಾಚಾ ಮುಖ ಹೊತ್ತು ನಿಂತಿದ್ದವು.

"ಬಣ್ಣ ಆ ಸಾಫ್ಟ್‌ವೇರಿನ ಮನೆಮಾತು ಅತ್ತಿಗೆ. ಕಡತಕ್ಕೆ ಅದು ಗೊತ್ತಾಗಲ್ಲ. ಟಿಪ್ಪಣಿ ಬರೆದಿದ್ರೆ ಬರ್ತಿತ್ತು."

ಅತ್ತಿಗೆ ಚಹಾ ಆರಲು ಬಿಟ್ಟು ಹಳೆಯ ಸಾಫ್ಟ್‌ವೇರ್ ತೆರೆದಳು. ಅದಿನ್ನೂ ಉಸಿರಾಡುತ್ತಿತ್ತು. ಕೆಂಪು ಬಳಿದ ಒಂದೊಂದರ ಪಕ್ಕದಲ್ಲೂ ಏನು ತಪ್ಪು, ಸರಿ ಯಾವುದು ಎಂದು ಬರೆಯತೊಡಗಿದಳು. ವಾರವೆಲ್ಲ ಅದೇ ಕೆಲಸ. ಹೊಸ ಕಡತ ಆ ಕಡೆ ತೆರೆದಾಗ ಚಮಚದ ವಾಕ್ಯ ತನ್ನ ಟಿಪ್ಪಣಿ ಹೊತ್ತೇ ಬಂತು: 'ಬಳಸಬೇಡಿ. ಚಮಚವಲ್ಲ, ಹನಿ.'

ನಾದಿನಿ 'ಹನಿ' ಎಂದು ಬರೆದಳು. ಅತ್ತಿಗೆ ಅವಳ ಪರದೆಯತ್ತ ಬಗ್ಗಿದಳು.

"ನಿನ್ನ ವಾಕ್ಯಗಳ ಪಕ್ಕ ಅದೇನೇ ನಕ್ಷತ್ರ?"

"ಅದು ಅನುಮಾನ ಇರೋದು. ನನಗೆ ಗೊತ್ತಾಗತ್ತೆ."

"ಹೌದಾ," ಎಂದಳು ಅತ್ತಿಗೆ, ಚಮಚದ ಟಿಪ್ಪಣಿಯ ಮೇಲೆ ಬೆರಳಿಟ್ಟು.

ನಾದಿನಿ ಮೊದಲ ನಕ್ಷತ್ರದ ಪಕ್ಕ ಟಿಪ್ಪಣಿ ಬರೆಯಲು ಕೂತಳು.